ಒದ್ದೆ ಬಟ್ಟೆಯ ಅಚ್ಚು

ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ಬಂದು ಆಗಲೇ ಆಚೆಗೆ ಸರಿದುಹೋಗಿದ್ದ ಜಾಗದಲ್ಲಿ, ಬಾಯಿಯ ಅಚ್ಚು ತೆಗೆದ ಆ ಟ್ರೇ ಇತ್ತು. ಅದನ್ನು ಅಲ್ಲಿ ಯಾರಿಟ್ಟರು ಎಂದು ಅವನು ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ಕೋಣೆಯಲ್ಲಿ ಅವನಲ್ಲದೆ ಬೇರೆ ಯಾರೂ ಇರಲಿಲ್ಲ. ಬೆಳಗಿನಿಂದ ಯಾರೂ ಒಳಗೆ ಬಂದಿರಲಿಲ್ಲ. ಒಂಬತ್ತೂವರೆಗೆ ಗುಲಾಬಿ ಬಣ್ಣದಲ್ಲಿ ಮೆತ್ತಗೆ, ತಣ್ಣಗೆ ಇದ್ದ ಅಚ್ಚು ಈಗ ಬಿಳಿಚಿಕೊಂಡಿತ್ತು. ಅದರ ಅಂಚುಗಳು ಟ್ರೇಯಿಂದ ಎದ್ದು ಒಳಕ್ಕೆ ಮುದುಡಿಕೊಂಡಿದ್ದವು. ಅಂಗುಳಿನ ಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣುತ್ತಿತ್ತು. ಪಕ್ಕದಲ್ಲಿ ಅದನ್ನು ಸುತ್ತಿಟ್ಟಿದ್ದ ಒದ್ದೆ ಬಟ್ಟೆ, ಈಗ ಒದ್ದೆಯೇನೂ ಅಲ್ಲದ ಬಟ್ಟೆ, ಸುತ್ತಿದ ಆಕಾರದಲ್ಲಿಯೇ ಗರಿಗರಿಯಾಗಿ ಕುಳಿತಿತ್ತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಬಾಯಿಯಿಂದ ಹೊರಬಂದ ಅಚ್ಚಿನೊಳಗೆ ಅರ್ಧ ಗಂಟೆಯೊಳಗಾಗಿ ಪ್ಲಾಸ್ಟರ್ ಹೊಯ್ಯಬೇಕು; ತಡವಾದರೆ ಅದು ನೀರು ಕಳೆದುಕೊಂಡು ಕುಗ್ಗುತ್ತದೆ, ಯಾರ ಬಾಯಿಯೂ ಅಲ್ಲದ ಒಂದು ಬಾಯಿಯಾಗುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಅಪರಿಚಿತರ ಬಾಯಿಗಳನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಅವಕ್ಕೆ ಹಲ್ಲು ಕೂರಿಸುತ್ತ ಬಂದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಅಪರಿಚಿತರ ಅಚ್ಚೂ ಅಲ್ಲ. ಅವನ ಹೆಂಡತಿಯ ತಾಯಿಯ ಮೇಲ್ದವಡೆಯದು.

ಅತ್ತೆಗೆ ಬಾಯೊಳಗೆ ಏನೂ ತಾಳುತ್ತಿರಲಿಲ್ಲ. ಚಮಚ ಸ್ವಲ್ಪ ಹಿಂದಕ್ಕೆ ಹೋದರೂ ಓಕರಿಕೆ ಬರುತ್ತಿತ್ತು. ಎರಡು ತಿಂಗಳ ಹಿಂದೆ ಉಳಿದಿದ್ದ ಏಳು ಹಲ್ಲುಗಳನ್ನೂ ಕೀಳಿಸಿಕೊಂಡು, ವಸಡು ಮಾಯಲೆಂದು ಮಗಳ ಮನೆಯಲ್ಲಿ ಕಾದು ಕುಳಿತಿದ್ದವರು ಇವತ್ತು ಬೆಳಿಗ್ಗೆ ದಂತವೈದ್ಯೆಯ ಕುರ್ಚಿಯಲ್ಲಿ ಒರಗುವ ಮೊದಲೇ ಬೆರಳೆತ್ತಿ ಹೇಳಿದ್ದರು: “ನೋಡಮ್ಮಾ, ಒಂದು ಸಲ. ಆಮೇಲೆ ಸರಿ ಬರಲಿಲ್ಲ, ಇನ್ನೊಂದು ಸಲ ಅಂದ್ರೆ ನಾನು ಎದ್ದು ಹೋಗ್ತೀನಿ.” ಕೆಳದವಡೆಯದು ಸುಲಭವಾಗಿ ಮುಗಿಯಿತು. ಮೇಲಿನ ಟ್ರೇ ಒಳಗೆ ಹೋದ ಮೇಲೆ ಅವರ ಕಣ್ಣಲ್ಲಿ ನೀರು ತುಂಬಿತು, ಭುಜ ಎದ್ದೆದ್ದು ಬಿತ್ತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿ ಕೊನೆಗೆ ಪಕ್ಕದಲ್ಲಿ ನಿಂತಿದ್ದ ಅವನ ಮಣಿಕಟ್ಟನ್ನು ಹಿಡಿದುಕೊಂಡಿತು. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಅತ್ತೆ ಅವನನ್ನು ಮುಟ್ಟಿದ್ದು ಅದೇ ಮೊದಲು. ಎರಡೂವರೆ ನಿಮಿಷ ಅವರು ಹಿಡಿದೇ ಇದ್ದರು. ಟ್ರೇ ಹೊರಗೆ ಬಂದ ಮೇಲೆ ಮುಖ ತೊಳೆದುಕೊಂಡು, ಅಂಗೈಯಿಂದ ಬಾಯಿ ಮುಚ್ಚಿಕೊಂಡು, “ಬೇರೆಯವರ ಕೈಗೆ ಕೊಡಬೇಡಿ, ನೀವೇ ಮಾಡಿ” ಎಂದಿದ್ದರು. ಹಾಗೆ ಹೇಳಿದವರು ಅವನನ್ನು ಸುಮಾರು ಎರಡು ದಶಕಗಳಿಂದ ‘ಈಗ್ ಬಂದೆ’ ಎಂದು ಕರೆಯುತ್ತಿದ್ದವರು. ಮದುವೆಯಾದ ಹೊಸತರಲ್ಲಿ ಅವರನ್ನು ಎರಡು ಚೀಲಗಳ ಜೊತೆಗೆ ಬಸ್ ನಿಲ್ದಾಣದ ಕಂಬದ ಪಕ್ಕ ನಿಲ್ಲಿಸಿ, ಈಗ ಬಂದೆ ಎಂದು ನೀರು ತರಲು ಹೋದವನು, ಬೀದಿ ಬದಿಯಲ್ಲಿ ಛತ್ರಿ ರಿಪೇರಿ ಮಾಡುವವನ ಕೈಚಳಕವನ್ನು ನೋಡುತ್ತ ನಿಂತುಬಿಟ್ಟಿದ್ದ. ಅವನಿಗೆ ನೆನಪು ಬರುವ ಹೊತ್ತಿಗೆ ಎರಡು ಬಸ್ಸುಗಳು ಹೋಗಿದ್ದವು. ಆಮೇಲೆ ಆ ಮನೆಯಲ್ಲಿ ಅವನು ಹೊಸ್ತಿಲು ದಾಟಿದಾಗಲೆಲ್ಲ ಒಳಗಿನಿಂದ ಒಂದು ದನಿ, “ಯಾರು, ಈಗ್ ಬಂದೆ ಬಂದರಾ?”

ಹೇಗೆ ಆಯಿತೆಂಬುದನ್ನು ಅವನು ಹಿಂದಿನಿಂದ ಮುಂದಕ್ಕೆ ಹುಡುಕಿ ತೆಗೆಯಬಲ್ಲವನಾಗಿದ್ದ. ಆ ವಿದ್ಯೆಯಲ್ಲಿ ಅವನಿಗೆ ಬೇಕಾದಷ್ಟು ಅಭ್ಯಾಸವಿತ್ತು. ಕೆಳದವಡೆಯ ಅಚ್ಚಿಗೆ ಹೊಯ್ಯುವಷ್ಟರಲ್ಲಿ ಡಬ್ಬಿಯ ಪ್ಲಾಸ್ಟರ್ ಮುಗಿದಿತ್ತು. ಮೇಲಿನದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೆಂಡತಿ ಕೊಟ್ಟಿದ್ದ ಅಡುಗೆಮನೆಯ ಟೈಮರನ್ನು ಹತ್ತು ನಿಮಿಷಕ್ಕೆ ತಿರುಗಿಸಿಟ್ಟು, ಹೊಸ ಡಬ್ಬಿ ಇಳಿಸಿದ್ದ. ಬಟ್ಟೆ ಬಿಚ್ಚಿ ಟ್ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ನೀರು ನಿಂತಿಲ್ಲವೆಂದು ನೋಡಿಕೊಂಡು ಕಟ್ಟೆಯ ಮೇಲಿಟ್ಟಿದ್ದ. ಅಷ್ಟರವರೆಗೆ ಎಲ್ಲ ಸರಿ. ಹೊಸ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಅದನ್ನು ಎಬ್ಬಿಸಲು ಚಪ್ಪಟೆ ಚಾಕು ಬೇಕಾಯಿತು. ಚಾಕುವಿನ ತುದಿಗೆ ನಿನ್ನೆಯ ಮೇಣ ಅಂಟಿತ್ತು. ಮೇಣ ಕರಗಿಸಲು ಸ್ಪಿರಿಟ್ ದೀಪ ಹಚ್ಚಿದ. ದೀಪದ ಪಕ್ಕದಲ್ಲಿ ಯಾರೋ ಗ್ರಂಥಪಾಲಕರಿಗಾಗಿ ಮೇಣದಲ್ಲಿ ಕೂರಿಸಿದ್ದ ಹಲ್ಲಿನ ಸೆಟ್ಟು ಕುಳಿತಿತ್ತು. ಅದರ ಮುಂದಿನ ಹಲ್ಲೊಂದು, ಎಡಗಡೆಯದು, ಅತಿಯಾಗಿ ನೇರವಾಗಿತ್ತು. ಅಷ್ಟು ನೇರವಾದ ಹಲ್ಲು ಯಾವ ಮನುಷ್ಯನಿಗೂ ಇರುವುದಿಲ್ಲ. ಅದನ್ನು ಕೂದಲೆಳೆಯಷ್ಟು ತಿರುಗಿಸಿದ. ತಿರುಗಿಸಿದ ಮೇಲೆ ಪಕ್ಕದ್ದು ತಪ್ಪಾಗಿ ಕಂಡಿತು. ಮುಂದಿನ ಮೂರು ಗಂಟೆಗಳ ಕಾಲ ಅವನು ಸುಖವಾಗಿದ್ದ. ಹಾಗೆಂದು ಒಪ್ಪಿಕೊಳ್ಳುವುದೇ ಈಗ ಎಲ್ಲಕ್ಕಿಂತ ಕಷ್ಟವಾಗಿತ್ತು: ಅವನು ಬೇಜವಾಬ್ದಾರಿಯಿಂದ ಎಲ್ಲೋ ತಿರುಗಾಡಲು ಹೋಗಿರಲಿಲ್ಲ, ಆಕಳಿಸುತ್ತ ಕುಳಿತಿರಲಿಲ್ಲ, ಕೆಲಸವನ್ನೇ ಮಾಡುತ್ತಿದ್ದ, ಅದೂ ಉಸಿರು ಬಿಗಿಹಿಡಿದು, ಇಡೀ ಲೋಕವೇ ಒಂದು ಹಲ್ಲಿನಷ್ಟು ಸಣ್ಣದಾಗುವಂತೆ. ಟೈಮರು ಕೂಗಿರಲೇಬೇಕು. ಅವನ ಕೈ ತಾನಾಗಿಯೇ ಹೋಗಿ ಅದರ ಬಾಯಿ ಮುಚ್ಚಿರಲೇಬೇಕು. ಗೋಡೆಯ ಫೋನು ಎರಡು ಸಲ ಬಡಿದುಕೊಂಡಿದ್ದೂ, ಎರಡು ಸಲವೂ ತಾನು ಹಾರಿ ಎದ್ದು ಹೋಗಿ ಮಾತಾಡಿದ್ದೂ ನೆನಪಿತ್ತು. ಫೋನಿನ ಸದ್ದಿಗೆ ಏಳದಿರುವುದು ಅವನಿಂದ ಎಂದೂ ಆಗಿರಲಿಲ್ಲ. ಎದ್ದವನು ಹಿಂತಿರುಗುವಾಗ ಕಿಟಕಿಯ ಪಕ್ಕದಲ್ಲಿಯೇ ಹಾದಿದ್ದ, ಎರಡು ಸಲವೂ.

ಮಾತ್ರೆ ಮರೆತಿದ್ದರೆ ಚೆನ್ನಾಗಿರುತ್ತಿತ್ತು. ಮರೆತಿರಲಿಲ್ಲ. ಬೆಳಿಗ್ಗೆ ಏಳೂವರೆಗೆ, ಹಲ್ಲುಜ್ಜುವ ಬ್ರಷ್ಷಿನ ಲೋಟಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟ ಪಟ್ಟಿಯಿಂದ ಒಡೆದು ನುಂಗಿದ್ದ. ಖಾಲಿಯಾದ ಗುಳಿಯನ್ನು ಬೆರಳಿನಿಂದ ಒತ್ತಿ ನೋಡಿಯೂ ಇದ್ದ. ನಾಲ್ಕು ತಿಂಗಳ ಹಿಂದೆ, ನಲವತ್ತಾರನೆಯ ವಯಸ್ಸಿನಲ್ಲಿ, ಮನೋವೈದ್ಯರು ಅವನಿಗೆ ಒಂದು ಪ್ರಶ್ನಾವಳಿಯ ಹಾಳೆ ಕೊಟ್ಟು ಮನೆಯಲ್ಲಿ ತುಂಬಿಸಿಕೊಂಡು ಬರಲು ಹೇಳಿದ್ದರು. ಅವನು ಹಾಳೆಯನ್ನು ಕಳೆದ. ಎರಡನೆಯದನ್ನೂ ಕಳೆದ. ಮೂರನೆಯ ಸಲ ಹೋಗಿ ತಲೆ ತಗ್ಗಿಸಿ ನಿಂತಾಗ ಅವರು ನಕ್ಕು, “ಇಲ್ಲೇ ಕೂತ್ಕೊಂಡು ಬರೀರಿ. ಅರ್ಧ ಉತ್ತರ ಆಗ್ಲೇ ಕೊಟ್ಟಾಗಿದೆ” ಎಂದಿದ್ದರು. ಗಮನದ ಕೊರತೆ ಎಂದರು. ಹುಟ್ಟಿನಿಂದಲೇ ಬಂದದ್ದು, ಯಾರ ತಪ್ಪೂ ಅಲ್ಲ ಎಂದರು. ಕೊರತೆ ಎನ್ನುವ ಮಾತು ಅವನಿಗೆ ಸರಿಯೆನಿಸಲಿಲ್ಲ. ಇದ್ದದ್ದು ಕೊರತೆಯಲ್ಲ, ಹಿಡಿತವಿಲ್ಲದ ಹೊಳೆ. ಆದರೂ ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು, ಯಾರೂ ನೋಡದಂತೆ, ಷೂ ದಾರ ಕಟ್ಟುವವನ ಹಾಗೆ ಬಗ್ಗಿಕೊಂಡು ಅತ್ತಿದ್ದ. ಅವನ ಅಪ್ಪ, ಊಟದ ತಟ್ಟೆಯ ಮುಂದೆಯೇ ಕೈ ಒಣಗಿಸಿಕೊಂಡು ಕುಳಿತುಬಿಡುತ್ತಿದ್ದ ಮಗನನ್ನು ನೋಡಿ, “ಇವನಿಗೆ ತಲೆ ಇದೆ ಕಣೇ, ತಲೆಯೊಳಗೆ ಯಜಮಾನ ಇಲ್ಲ” ಎನ್ನುತ್ತಿದ್ದದ್ದು ನೆನಪಾಗಿತ್ತು. ಸೋಮಾರಿ, ಅಡ್ಡದಾರಿಯವ, ಯಾವುದಕ್ಕೂ ಬೆಲೆಯಿಲ್ಲದವ ಎಂದು ಕರೆಸಿಕೊಂಡ ವರ್ಷಗಳಿಗೆಲ್ಲ ಒಂದು ಹೆಸರು ಸಿಕ್ಕಿತ್ತು. ಮಾತ್ರೆ ನುಂಗಿದ ಮೊದಲ ವಾರ, ಎರಡು ಸ್ಟೇಷನ್ನುಗಳ ನಡುವೆ ಸಿಕ್ಕಿಕೊಂಡು ಗೊರಗುಟ್ಟುತ್ತಿದ್ದ ರೇಡಿಯೋವನ್ನು ಯಾರೋ ಒಂದಿಷ್ಟೇ ತಿರುಗಿಸಿದಂತಾಗಿತ್ತು. ಹೊರಡುವಾಗ ಮನೋವೈದ್ಯರು ಹೇಳಿದ್ದು ಮಾತ್ರ ಬೇರೆ: “ಇದು ಕಾರಣ, ಅಷ್ಟೇ. ರಜಾ ಚೀಟಿ ಅಲ್ಲ.” ಅದನ್ನು ಹೆಂಡತಿಗೆ ಹೇಳಿದ ಮಾರನೆಯ ದಿನ ಆಕೆ ಮೊಟ್ಟೆಯಾಕಾರದ ಆ ಟೈಮರು ತಂದುಕೊಟ್ಟಿದ್ದಳು. “ಇದು ಕೂಗಿದಾಗ ಕೈಲಿರೋದನ್ನ ಕೆಳಗಿಡಿ. ಯೋಚನೆ ಮಾಡೋಕೆ ಹೋಗ್ಬೇಡಿ. ಮೊದಲು ಕೆಳಗಿಡಿ.” ಅತ್ತೆಗೆ ಹೇಳುವುದು ಬೇಡ ಎಂದು ಅವನು ಕೇಳಿಕೊಂಡಿದ್ದ. ಈಗ್ ಬಂದೆ ಎಂಬುದೇ ಸಾಕಾಗಿತ್ತು.

ಹಿಂದಿನ ಬಾಗಿಲು ತಳ್ಳಿಕೊಂಡು ದಂತವೈದ್ಯೆ ಒಳಗೆ ಬಂದಾಗ ಅವನು ಟ್ರೇ ಕಾಣದಂತೆ ಅದಕ್ಕೆ ಬೆನ್ನು ಮಾಡಿ ನಿಂತ. ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಊಟದ ಡಬ್ಬಿ ಕೈಯಲ್ಲಿ ಹಿಡಿದೇ ಬಂದಿದ್ದಳು. ಗ್ರಂಥಪಾಲಕರ ಸೆಟ್ಟನ್ನು ಎತ್ತಿ, ಬೆಳಕಿಗೆ ತಿರುಗಿಸಿ ನೋಡಿದಳು.

“ಸರ್, ಇದು ಹಲ್ಲಿನ ಸೆಟ್ಟಾ, ಯಾರಾದ್ರೂ ನಿಜವಾಗ್ಲೂ ನಗ್ತಿದ್ದಾರಾ?”

“ಎಡಗಡೆದು ಸ್ವಲ್ಪ ತಿರುಗಿಸಿದೆ, ಮೇಡಂ.”

“ಸ್ವಲ್ಪಾನಾ! ಆ ಮನುಷ್ಯನ ಹಳೇ ಫೋಟೋ ನೋಡಿ ಮಾಡಿದ ಹಾಗಿದೆ. ನಿಮ್ಮ ಕೈಗೆ ಏನು ಹೇಳೋದು.” ಸೆಟ್ಟನ್ನು ಜೋಪಾನವಾಗಿ ಕೆಳಗಿಟ್ಟು, ಹೊರಡಲು ತಿರುಗಿದವಳು ಕೇಳಿದಳು: “ಅತ್ತೆಯವರ ಮೇಲಿಂದು ಹುಯ್ದಾಯ್ತಾ?”

“ಹೂಂ, ಆಗೋಯ್ತು.”

ಆ ಎರಡು ಮಾತುಗಳು ಅವನ ಅನುಮತಿಗೆ ಕಾಯದೆ ಹೊರಬಂದವು. ಅವು ಇವತ್ತಿನವಲ್ಲ, ಬರೆಯದ ಮನೆಪಾಠಕ್ಕೆ, ಹಾಕದ ಪತ್ರಕ್ಕೆ, ಆರಿಸದ ಒಲೆಗೆ, ಕಟ್ಟದ ಕಂತಿಗೆ ಎಲ್ಲದಕ್ಕೂ ಇದೇ ಉತ್ತರ ಕೊಟ್ಟು ಕೊಟ್ಟು ನಾಲಿಗೆಯ ಮೇಲೆ ಅದರದೇ ಒಂದು ಸವೆದ ದಾರಿಯಿತ್ತು. ಸುಳ್ಳು ಹೇಳಿ, ಆಮೇಲೆ ಓಡಿಹೋಗಿ ಅದನ್ನು ನಿಜ ಮಾಡುವುದು. ಎಷ್ಟೋ ಸಲ ಅದು ನಿಜವೂ ಆಗಿಬಿಟ್ಟಿತ್ತು. ಬಾಗಿಲು ಮುಚ್ಚಿಕೊಂಡ ಮೇಲೆ ಅವನು ಅದನ್ನೇ ಮಾಡಿದ. ಒಣಗಿದ ಅಚ್ಚನ್ನು ನೀರಿನಲ್ಲಿ ಮುಳುಗಿಸಿದ; ಅದು ಉಬ್ಬುತ್ತದೆ, ಆದರೆ ಬಿಟ್ಟ ಆಕಾರಕ್ಕೆ ಹಿಂತಿರುಗುವುದಿಲ್ಲವೆಂದು ತಿಳಿದೇ ಮುಳುಗಿಸಿದ. ರಬ್ಬರ್ ಬಟ್ಟಲಲ್ಲಿ ನೀರು ಹಾಕಿ, ಪುಡಿ ಉದುರಿಸಿ, ಗಾಳಿಗುಳ್ಳೆ ಉಳಿಯದಂತೆ ಕಲಸಿ, ಟ್ರೇಯ ಒಂದು ಮೂಲೆಯಿಂದ ಸಣ್ಣಸಣ್ಣಗೆ ಬಿಟ್ಟ. ಮುಚ್ಚಳ ಈ ಸಲ ಕೈಯಿಂದಲೇ ಬಂದಿತ್ತು. ಮುಕ್ಕಾಲು ಗಂಟೆಯ ನಂತರ ಬಿಡಿಸಿದಾಗ ಪ್ಲಾಸ್ಟರಿನ ಮಾಡೆಲ್ ಸುಂದರವಾಗಿತ್ತು. ಅಂಗುಳಿನ ಗೆರೆಗಳು, ವಸಡಿನ ದಿಣ್ಣೆ, ಏಳು ಹಲ್ಲು ಇದ್ದ ಜಾಗದ ಮಾಯುತ್ತಿರುವ ತಗ್ಗುಗಳು, ಎಲ್ಲ. ಬಿರುಕಿದ್ದಲ್ಲಿ ಒಂದು ಸಣ್ಣ ಏಣು ಎದ್ದಿತ್ತು. ಚಾಕುವಿನಿಂದ ಕೆರೆದ, ಹೋಯಿತು. ಇನ್ನು ಇದು ಸುಳ್ಳೆಂದು ಹೇಳಬಲ್ಲ ಕಣ್ಣು ಈ ಊರಿನಲ್ಲಿ ಅವನದೊಂದೇ.

ಅವನಿಗೆ ದರ್ಜಿಯೊಬ್ಬರು ನೆನಪಾದರು. ಎರಡು ವರ್ಷಗಳ ಹಿಂದೆ ಸೆಟ್ಟು ಮಾಡಿಸಿಕೊಂಡು ಹೋದವರು, ಹೋದ ಬೇಸಿಗೆಯಲ್ಲಿ ಬೇರೇನೋ ಕೆಲಸಕ್ಕೆ ಬಂದು, ಮಾತಿಗೆ ಬಾಯಿ ತೆರೆದಾಗ ಒಳಗೆಲ್ಲ ಹುಣ್ಣು. ಸೆಟ್ಟು ಒತ್ತುತ್ತಿದ್ದರೆ ಮೊದಲೇ ಯಾಕೆ ಬರಲಿಲ್ಲವೆಂದು ಕೇಳಿದ್ದಕ್ಕೆ ಆ ಮನುಷ್ಯ ಸಂಕೋಚಪಟ್ಟು, “ಸೆಟ್ಟು ಸರಿಯಾಗೇ ಇದೆ ಸ್ವಾಮಿ, ನನ್ನ ಬಾಯೇ ನೆಟ್ಟಗಿಲ್ಲ” ಎಂದಿದ್ದರು. ಎಲ್ಲರೂ ಹಾಗೆಯೇ ಹೇಳುತ್ತಾರೆ. ವಯಸ್ಸಾದವರು ಒಬ್ಬರೂ ಹಲ್ಲನ್ನು ಬಯ್ಯುವುದಿಲ್ಲ. ತಮ್ಮ ವಸಡನ್ನು, ತಮ್ಮ ವಯಸ್ಸನ್ನು, ತಮ್ಮ ಹಣೆಬರಹವನ್ನು ಬಯ್ದುಕೊಂಡು ಮೆತ್ತನೆಯ ಊಟ ಹುಡುಕುತ್ತಾರೆ. ಆ ದರ್ಜಿಯ ಅಚ್ಚೂ ಯಾವುದೋ ಒಂದು ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಕುಳಿತಿತ್ತೇ? ಅವನಿಗೆ ನೆನಪಿರಲಿಲ್ಲ. ನೆನಪಿಲ್ಲದ್ದು ಅವನ ಪರವಾಗಿ ಏನನ್ನೂ ಹೇಳುತ್ತಿರಲಿಲ್ಲ. ಅವನು ಮಾಡೆಲನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮನೆಗೆ ಬಂದಾಗ ಐದಾಗಲು ಐದು ನಿಮಿಷವಿತ್ತು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಹಳೆಯ ಸ್ವೆಟರೊಂದನ್ನು ಬಿಚ್ಚಿ ಉಣ್ಣೆಯನ್ನು ಉಂಡೆ ಸುತ್ತುತ್ತಿದ್ದರು. ಹೆಂಡತಿ ಮೇಜಿನ ಮೇಲೆ ಶಾಲೆಯ ಉತ್ತರಪತ್ರಿಕೆ ಹರಡಿಕೊಂಡಿದ್ದಳು. ಸರಿಯಾಗಿ ಐದಕ್ಕೆ ಫೋನು ಬಡಿದುಕೊಂಡಿತು. ಗುರುವಾರ ಐದಕ್ಕೆ ಅದು ಯಾರದೆಂದು ಮೂವರಿಗೂ ಗೊತ್ತಿತ್ತು. ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಪಕ್ಕದ ಸ್ವಿಚ್‌ಬೋರ್ಡಿನಲ್ಲಿ ಕುಳಿತಿದ್ದ ಗೆಳತಿ ಈಗಲೂ ವಾರಕ್ಕೊಮ್ಮೆ ಕರೆ ಮಾಡುತ್ತಿದ್ದರು. ಒಂದು ಕಾಲಕ್ಕೆ ಅತ್ತೆಯ “ಹಲೋ” ಕೇಳಲೆಂದೇ ಜನ ಸುಮ್ಮನೆ ನಂಬರು ಕೇಳುತ್ತಿದ್ದರಂತೆ. ಅದನ್ನು ಅವರೇ ಹೇಳಿಕೊಳ್ಳುತ್ತಿದ್ದರು, ಗೆಳತಿಯೂ ಅಲ್ಲಗಳೆದಿರಲಿಲ್ಲ. ಹಲ್ಲು ಹೋದ ಮೇಲೆ ಮಾತಿನಲ್ಲಿ ಗಾಳಿ ಸೇರಿಕೊಂಡಿತ್ತು. ಕೆಲವು ಅಕ್ಷರಗಳು ತುಟಿಗೆ ಬರುವಷ್ಟರಲ್ಲಿ ಸೀಟಿಯಾಗುತ್ತಿದ್ದವು. ಅವರು ಉಣ್ಣೆಯ ಉಂಡೆಯನ್ನು ಅಲುಗಿಸಿ ಮಗಳಿಗೆ ಸನ್ನೆ ಮಾಡಿದರು.

“ಹಲೋ... ಇಲ್ಲ ಆಂಟಿ, ಮಲಗಿದ್ದಾರೆ. ಹೂಂ, ಹೋದ ವಾರಾನೂ ಮಲಗಿದ್ರು... ಇಲ್ಲ ಇಲ್ಲ, ಹುಷಾರಾಗಿದ್ದಾರೆ. ಹೇಳ್ತೀನಿ.”

ಫೋನಿಟ್ಟ ಹೆಂಡತಿ ತಾಯಿಯ ಕಡೆ ನೋಡದೆ ಹೇಳಿದಳು: “ಎಂಟನೇ ವಾರ ಅಮ್ಮ. ಅವರು ನಿನಗೇನೋ ಆಗಿದೆ ಅಂತ ತಿಳ್ಕೊಂಡಿದ್ದಾರೆ. ಇಲ್ಲಾಂದ್ರೆ ಕೋಪ ಅಂತ.”

“ಹಲ್ಲು ಬರಲಿ. ನಾನೇ ಮಾಡ್ತೀನಿ.” ಅತ್ತೆ ಅಂಗೈಯ ಹಿಂದಿನಿಂದ ಅವನತ್ತ ನೋಡಿದರು. “ಏನು ಅಳಿಯಂದಿರೇ, ನಮ್ಮ ಬಾಯಿ ಎಲ್ಲಿಗೆ ಬಂತು?”

ಹೇಳಬೇಕಾದ ಮಾತುಗಳು ಎರಡಿದ್ದವು. ಯಾವುದನ್ನು ಮೊದಲು ಹೇಳುವುದೆಂದು ಅವನು ದಾರಿಯುದ್ದಕ್ಕೂ ತೂಗಿಕೊಂಡು ಬಂದಿದ್ದನೆಂಬುದು ಅವನಿಗೆ ಈಗ ತಿಳಿಯಿತು. ನನಗೊಂದು ತೊಂದರೆಯಿದೆ, ಅದಕ್ಕೊಂದು ಹೆಸರಿದೆ ಎಂದು ಮೊದಲು ಹೇಳಿದರೆ ಆಮೇಲಿನ ಮಾತು ತಾನಾಗಿಯೇ ಮೆತ್ತಗಾಗುತ್ತದೆ. ಅತ್ತೆ ಅಯ್ಯೋ ಪಾಪ ಎನ್ನಬೇಕಾಗುತ್ತದೆ. ಓಕರಿಸುತ್ತ ಕಣ್ಣೀರು ಸುರಿಸಿದವರೇ ಅವನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದೊಂದು ರಜಾ ಚೀಟಿಯೇ. ಏನೂ ಹೇಳದಿದ್ದರೆ ಮೂರು ವಾರಗಳಲ್ಲಿ ಹೊಳೆಯುವ ಸೆಟ್ಟು ಬರುತ್ತದೆ, ಗುರುವಾರ ಐದಕ್ಕೆ ಅತ್ತೆ ಹಲೋ ಎನ್ನುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಅದನ್ನು ತೆಗೆದು ಲೋಟದಲ್ಲಿಟ್ಟು, ತಮ್ಮ ಬಾಯೇ ನೆಟ್ಟಗಿಲ್ಲವೆಂದುಕೊಳ್ಳುತ್ತಾರೆ. ನಲವತ್ತಾರು ವರ್ಷ ಅವನು ತನ್ನ ಬಗ್ಗೆ ಅಂದುಕೊಂಡ ಮಾತೇ ಅದು. ಅವನು ಚೀಲದಿಂದ ಕರವಸ್ತ್ರದ ಗಂಟು ತೆಗೆದು ಉತ್ತರಪತ್ರಿಕೆಗಳ ನಡುವೆ ಬಿಚ್ಚಿದ.

ಅತ್ತೆ ಉಣ್ಣೆ ಕೆಳಗಿಟ್ಟು ಎದ್ದು ಬಂದರು. “ಇದು ನಂದಾ?” ಎರಡೂ ಕೈಗಳಲ್ಲಿ ಎತ್ತಿಕೊಂಡು, ಬೆರಳಿನಿಂದ ಅಂಗುಳನ್ನು ಸವರಿದರು. ಬಾಯಿ ಮುಚ್ಚಿಕೊಳ್ಳುವುದನ್ನು ಮರೆತಿದ್ದರು. “ಒಳಗೆ ಹೀಗಿರುತ್ತಾ? ಎಪ್ಪತ್ತೆರಡು ವರ್ಷ ಇಟ್ಕೊಂಡು ಓಡಾಡಿದೀನಿ, ನೋಡಿರಲೇ ಇಲ್ಲ. ಚೆನ್ನಾಗೇ ಇದೆಯಲ್ಲ.”

“ನೋಡೋಕೆ ಚೆನ್ನಾಗಿದೆ ಅತ್ತೆ. ನಿಮ್ಮದಲ್ಲ ಅದು.”

“ಮತ್ಯಾರದು?”

“ನಿಮ್ಮ ಅಚ್ಚಿಂದಾನೇ ಮಾಡಿದ್ದು. ಆದ್ರೆ ಅಚ್ಚು ಒಣಗಿ ಕುಗ್ಗಿಹೋಗಿತ್ತು. ಅರ್ಧ ಗಂಟೇಲಿ ಹುಯ್ಯಬೇಕಿತ್ತು. ನಾನು ಮರೆತೆ. ಮೂರೂವರೆ ಗಂಟೆ.” ಅದೇ ದನಿಯಲ್ಲಿ, “ಇದರ ಮೇಲೆ ಹಲ್ಲು ಕಟ್ಟಿದ್ರೆ ಒತ್ತುತ್ತೆ. ಇನ್ನೊಂದು ಸಲ ಅಚ್ಚು ತೆಗೀಬೇಕು” ಎಂದ.

ಹೆಂಡತಿಯ ಕೆಂಪು ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತು ಒಂದು ಚುಕ್ಕೆ ದೊಡ್ಡದಾಗುತ್ತ ಹೋಯಿತು. ಅತ್ತೆ ಮಾಡೆಲನ್ನು ಮೇಜಿನ ಮೇಲಿಟ್ಟರು, ಒಡೆಯುವ ವಸ್ತುವನ್ನು ಇಡುವ ಹಾಗೆ. ಒಳಗಿನ ಕೋಣೆಗೆ ಹೋದರು. ಬಾಗಿಲನ್ನು ಜೋರಾಗಿ ಹಾಕಿಕೊಂಡಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಅದನ್ನವರು ಮುಚ್ಚಲೇ ಇಲ್ಲ. ಅವನು ಮೇಜಿನ ಅಂಚಿನಲ್ಲಿ ಕುಳಿತ. ಇಂಥ ಹೊತ್ತಿನಲ್ಲಿ ತನ್ನ ಮನಸ್ಸು ಎಲ್ಲಿಗಾದರೂ ಓಡಿಹೋಗಲಿ ಎಂದು ಅವನು ಆಸೆಪಟ್ಟ. ಆದರೆ ಅದು ಎಲ್ಲಿಗೂ ಹೋಗದೆ, ತೆರೆದ ಬಾಗಿಲನ್ನೇ ನೋಡುತ್ತ ಕುಳಿತಿತ್ತು. ಹೆಂಡತಿ ಮೆಲ್ಲಗೆ, “ಮೇಡಂಗೆ ಹೇಳಿದ್ರಾ?” ಎಂದಳು. “ಆಗೋಯ್ತು ಅಂದೆ.” ಆಕೆ ಉಸಿರು ಬಿಟ್ಟಳು. ಬಯ್ಯಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಬಯ್ಗುಳವೂ ಒಂದು ಜಾಗದಲ್ಲಿ ಮುಗಿದುಹೋಗಿ, ಅದರಾಚೆಗೆ ಈ ಉಸಿರು ಮಾತ್ರ ಉಳಿದಿತ್ತು.

ಕಾಲು ಗಂಟೆಯ ಮೇಲೆ ಅತ್ತೆ ಹೊರಗೆ ಬಂದರು. ಮುಖ ತೊಳೆದಿದ್ದರು. ತಮ್ಮ ಕುರ್ಚಿಯಲ್ಲಿ ಕುಳಿತು, ಉಣ್ಣೆಯ ಎಳೆ ಹುಡುಕಿ, ಸುತ್ತಲು ಶುರು ಮಾಡಿದ ಮೇಲೆ ಕೇಳಿದರು: “ಬ್ರಷ್ಷಿನ ಲೋಟಕ್ಕೆ ಕಟ್ಟಿರೋ ಮಾತ್ರೆ ಯಾತಕ್ಕೆ?”

ಅವನು ಹೆಂಡತಿಯನ್ನು ನೋಡಿದ. ತಾನು ಹೇಳಿಲ್ಲವೆಂದು ಆಕೆ ಭುಜ ಕುಣಿಸಿದಳು. ಈಗ ಅವನು ಹೇಳಿದ. ಕೇಳಿದ್ದಕ್ಕೆ ಉತ್ತರವಾಗಿ ಹೇಳುವುದು ಬೇರೆ ಎನಿಸಿತು. ಹೆಸರು ಹೇಳಿದ, ಹುಟ್ಟಿನಿಂದ ಇದ್ದದ್ದೆಂದ, ಮಾತ್ರೆ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ತಾನೇ ಮಾಡಬೇಕೆಂದ, ಕೂಗಿದ ಟೈಮರಿನ ಬಾಯಿಯನ್ನು ತನ್ನ ಕೈಯೇ ಮುಚ್ಚಿತ್ತೆಂದ.

“ಮರೆವಿಗೂ ಡಾಕ್ಟ್ರು ಬಂದ್ರಾ?”

“ಮರೆವಲ್ಲ ಅತ್ತೆ. ಎಲ್ಲಾ ಒಟ್ಟಿಗೇ ಕರೆಯುತ್ತೆ. ಯಾವುದಕ್ಕೆ ಓಗೊಡ್ಬೇಕು ಅಂತ ಗೊತ್ತಾಗಲ್ಲ. ಒಂದಕ್ಕೆ ಓಗೊಟ್ರೆ, ಮಿಕ್ಕಿದ್ದು ಇಲ್ಲವೇ ಇಲ್ಲ.”

ಉಂಡೆ ಸುತ್ತುತ್ತಿದ್ದ ಕೈ ನಿಂತಿತು. “ನಮ್ಮ ಬೋರ್ಡಿನಲ್ಲಿ ಒಬ್ಬಳಿದ್ದಳು,” ಎಂದರು ಅತ್ತೆ ನಿಧಾನವಾಗಿ, ಗಾಳಿ ಸೇರಿದ ಅಕ್ಷರಗಳನ್ನು ಲೆಕ್ಕಿಸದೆ. “ಹೊಸಬಳು. ಕರೆ ಬಂದಾಗ ಹತ್ತೋ ದೀಪ ಎಲ್ಲ ಒಟ್ಟಿಗೆ ಹತ್ತಿಕೊಂಡ್ರೆ ಕೈಯೇ ಏಳ್ತಿರಲಿಲ್ಲ ಅವಳಿಗೆ. ಇಲ್ಲಾಂದ್ರೆ ಒಂದೇ ಕರೆ ಹಿಡ್ಕೊಂಡು ಕೂತುಬಿಡೋಳು. ತೆಗೆದು ಹಾಕ್ತೀವಿ ಅಂದ್ರು. ನಮ್ಮ ಸೂಪರ್‌ವೈಸರ್ ಒಬ್ಬರು ಒಂದು ಸ್ಟೂಲ್ ಎಳ್ಕೊಂಡು ಬಂದು ಅವಳ ಪಕ್ಕ ಕೂತ್ರು. ಏನೂ ಮಾಡ್ತಿರಲಿಲ್ಲ ಆಯಮ್ಮ, ಹೇಳಿಯೂ ಕೊಡ್ತಿರಲಿಲ್ಲ. ಬರೀ ಕೂರೋದು. ಒಂದು ವರ್ಷ ಕೂತ್ರು.”

“ಆಮೇಲೆ ಸರಿಹೋದಳಾ ಅಮ್ಮ?” ಎಂದಳು ಹೆಂಡತಿ.

“ಗುರುವಾರ ಗುರುವಾರ ಫೋನ್ ಮಾಡ್ತಾಳಲ್ಲ, ಅವಳೇ.” ಉಂಡೆ ಮತ್ತೆ ತಿರುಗತೊಡಗಿತು. “ಗಡಿಯಾರ ಕೂಗಿದ್ರೆ ಬಾಯಿ ಮುಚ್ಚಬಹುದು. ಮನುಷ್ಯರ ಬಾಯಿ ಹಾಗೆ ಮುಚ್ಚೋಕಾಗಲ್ಲ, ಅಳಿಯಂದಿರೇ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ತೀರಿ?”

ಮರುದಿನ ಅವನು ದಂತವೈದ್ಯೆ ಕೋಟು ಹಾಕಿಕೊಳ್ಳುವ ಮೊದಲೇ ಅಚ್ಚು ಒಣಗಿಹೋದದ್ದನ್ನು ಹೇಳಿಬಿಟ್ಟ. ಆಕೆ ತೋಳನ್ನು ಅರ್ಧಕ್ಕೆ ನಿಲ್ಲಿಸಿದಳು.

“ನಿನ್ನೆ ಆಗೋಯ್ತು ಅಂದ್ರಲ್ಲ.”

“ಸುಳ್ಳು ಹೇಳಿದೆ.”

ಆಕೆಯ ಮುಖದಲ್ಲಿ ಏನೋ ಒಂದು, ನಿನ್ನೆಯ ಸೆಟ್ಟನ್ನು ಬೆಳಕಿಗೆ ಹಿಡಿದಾಗ ಇದ್ದದ್ದು, ಹಿಂದಕ್ಕೆ ಹೋಯಿತು. ಅದು ಬೇಗ ಹಿಂತಿರುಗುವುದಿಲ್ಲವೆಂದು ಅವನಿಗೆ ತಿಳಿಯಿತು. “ಒಣಗಿದ್ರೆ ಇನ್ನೊಂದು ಸಲ ತೆಗೀಬಹುದು ಸರ್,” ಎಂದಳು ಕೊನೆಗೆ. “ಆಗಿಲ್ಲದಿದ್ರೆ ಆಗಿಲ್ಲ ಅನ್ನಿ. ನಿಮ್ಮ ಮಾತಿನ ಮೇಲೆ ನಾನು ಬಾಯಿಗಳಿಗೆ ಕೈ ಹಾಕ್ತೀನಿ.” ಅಷ್ಟು ಹೇಳಿ ಕೈ ತೊಳೆಯಲು ಹೋದಳು. ಅತ್ತೆ ಆಗಲೇ ಕುರ್ಚಿಯಲ್ಲಿ ಒರಗಿದ್ದರು. ಎದ್ದು ಹೋಗುವ ಮಾತು ಯಾರೂ ಎತ್ತಲಿಲ್ಲ. ಟ್ರೇ ಒಳಗೆ ಹೋಯಿತು. ಭುಜ ಎದ್ದೆದ್ದು ಬಿತ್ತು. ಕಣ್ಣೀರು ಕಿವಿಯವರೆಗೆ ಹರಿಯಿತು. ಕೈ ಈ ಸಲ ಹುಡುಕಲಿಲ್ಲ, ನೆಟ್ಟಗೆ ಬಂದು ಅವನ ಮಣಿಕಟ್ಟನ್ನು ಹಿಡಿಯಿತು, ನಿನ್ನೆಗಿಂತ ಬಿಗಿಯಾಗಿ, ಉಗುರು ನಾಟುವಷ್ಟು. ಅದರಲ್ಲಿ ಸ್ವಲ್ಪ ಕೋಪವೂ ಇತ್ತು. ಇರಬೇಕಾದದ್ದೇ ಎಂದು ಅವನು ಕೈಯನ್ನು ಹಾಗೆಯೇ ಬಿಟ್ಟುಕೊಟ್ಟ.

ಕೆಲಸದ ಕೋಣೆಯಲ್ಲಿ ಅತ್ತೆ ಸ್ಟೂಲನ್ನು ತಾವೇ ಎಳೆದುಕೊಂಡು ಅವನ ಬಲಕ್ಕೆ ಕುಳಿತರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಟ್ರೇ ಅವರ ಮಡಿಲಲ್ಲಿತ್ತು. ಯಾರಿಗೂ ಕೊಡುವುದಿಲ್ಲವೆಂಬಂತೆ ಎರಡೂ ಕೈ ಅದರ ಮೇಲಿದ್ದವು. ಅವನು ಪುಡಿ ಅಳೆದ. ಕಿಟಕಿಯ ಹೊರಗೆ ಯಾರೋ ಏಣಿ ಹೊತ್ತುಕೊಂಡು ಹೋಗುತ್ತಿದ್ದರು; ಅವನ ಕಣ್ಣು ಏಣಿಯ ಹಿಂದೆ ನಾಲ್ಕು ಹೆಜ್ಜೆ ಹೋಗಿ, ಪಕ್ಕದಲ್ಲಿ ಉಸಿರಾಡುತ್ತಿರುವ ಒಂದು ದೇಹ ಇದೆಯೆಂಬ ಕಾರಣಕ್ಕೆ, ಯಾರೂ ಎಳೆಯದೆ ಹಿಂದಕ್ಕೆ ಬಂತು. ನೀರು, ಪುಡಿ, ಚಮಚ. ಬಟ್ಟಲಿನ ಗೋಡೆಗೆ ಒರೆಸಿ ಒರೆಸಿ ಕಲಸಿದ. ಗ್ರಂಥಪಾಲಕರ ಸೆಟ್ಟಿನಲ್ಲಿ ಬಲಗಡೆಯ ಕೋರೆಹಲ್ಲು ಕೂದಲೆಳೆಯಷ್ಟು ಮುಂದಿದೆಯೇ? ಇರಲಿ. “ಕೊಡಿ ಅತ್ತೆ” ಎಂದ. ಅವರು ಬಟ್ಟೆ ಬಿಚ್ಚಿ ಕೊಟ್ಟರು. ಗುಲಾಬಿ ಬಣ್ಣ, ತಂಪು, ಜೀವ ಇನ್ನೂ ಒಳಗಿತ್ತು. ಮೂಲೆಯಲ್ಲಿ ಮೊದಲ ಹನಿ ಬಿಟ್ಟು ಅದು ದಿಣ್ಣೆಯನ್ನು ಸುತ್ತಿ ಇಳಿಯುವುದನ್ನು ಕಾಯುತ್ತಿರುವಾಗ ಗೋಡೆಯ ಫೋನು ಬಡಿದುಕೊಳ್ಳತೊಡಗಿತು.

ಅವನ ಮೊಣಕಾಲುಗಳು ಅವನಿಗಿಂತ ಮೊದಲು ಎದ್ದವು. ಬಟ್ಟಲು ಕೈಯಲ್ಲಿಯೇ ಇತ್ತು; ಪ್ಲಾಸ್ಟರ್ ಆಗಲೇ ದಪ್ಪವಾಗುತ್ತಿತ್ತು.

“ಕೂತ್ಕೊಳ್ಳಪ್ಪಾ,” ಎಂದರು ಅತ್ತೆ.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಕುಳಿತ. ಸ್ಟೂಲು ಹಿಂದಕ್ಕೆ ಸರಿದ ಸದ್ದಾಯಿತು, ನಾಲ್ಕು ಹೆಜ್ಜೆಗಳಾದವು. ಆಮೇಲೆ ಗೋಡೆಯಿಂದ ಫೋನು ಎತ್ತಿದ ಸದ್ದಾಯಿತು. ಎಂಟು ವಾರಗಳಲ್ಲಿ ಅವರು ಆ ವಸ್ತುವನ್ನು ಕಿವಿಗೆ ಹಿಡಿದಿರಲಿಲ್ಲ.

“ಹಲೋ.”

ಗಾಳಿ ಇತ್ತು ಅದರಲ್ಲಿ, ಸೀಟಿಯೂ ಇತ್ತು. ಆದರೆ ಕೊನೆಯ ಸ್ವರ ಮೇಲಕ್ಕೆ ಹೋಗಿ ನಿಂತ ಬಗೆಯಲ್ಲಿ ಮೂವತ್ತೊಂದು ವರ್ಷಗಳು ಹಾಗೆಯೇ ಇದ್ದವು. ಅವನು ಹಿಂದಿರುಗಿ ನೋಡಲಿಲ್ಲ. ಪ್ಲಾಸ್ಟರ್ ಈಗ ಅಂಗುಳಿನ ಮಡಿಕೆಗಳಿಗೆ ಇಳಿಯುತ್ತಿತ್ತು, ಒಂದೊಂದಾಗಿ ತುಂಬುತ್ತಿತ್ತು.

“ಇಲ್ಲ, ಈಗ ಬರೋಕಾಗಲ್ಲ,” ಎನ್ನುತ್ತಿದ್ದರು ಅತ್ತೆ ಆ ಕಡೆಯ ಯಾರಿಗೋ, ಒಂದೊಂದು ಅಕ್ಷರವನ್ನೂ ಬರಿಯ ವಸಡಿನಿಂದ ಕಟ್ಟಿ ಕಟ್ಟಿ ಕಳಿಸುತ್ತ. “ಕೆಲಸದಲ್ಲಿದ್ದಾರೆ. ಹತ್ತು ನಿಮಿಷ ಬಿಟ್ಟು ಮಾಡಿ... ನಾನಾ? ನಾನು ಅವರ ಪಕ್ಕದಲ್ಲಿ ಕೂತಿರೋಳು.”